‘ಇತರೆ’ಗೆ ಹಾಕಿದ ಹುಲಿಗೆಮ್ಮನ ಕಾಲು

ಫೆಬ್ರವರಿ 31, 2231
ನೆರಳೂರು ಹಾಸ್ಟೆಲ್, ಕೊಠಡಿ 14

ಇನ್ನೂರು ವರ್ಷಗಳ ಹಿಂದೆ ಕೂತು ಸಂಜೆ ಚಿಕಿತ್ಸಾಲಯಗಳ ಬಗ್ಗೆ ಜನರ ತೆರಿಗೆಯಲ್ಲಿ ಸಂಶೋಧನೆ ನಡೆಸುತ್ತಿರುವ ಹಿರಿಯರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ಸಲ್ಲಬೇಕಿದ್ದ ದಿನಗಳನ್ನು ನಾವು ವಾಪಸ್ಸು ಕೊಟ್ಟಿದ್ದೇವೆ. ನನ್ನ ಕನ್ನಡಕ್ಕೂ ಕ್ಷಮೆಯಿರಲಿ. ಏಳನೇ ವಯಸ್ಸಿನಿಂದ ಹಾಸ್ಟೆಲಿನಲ್ಲೇ ಬೆಳೆದವಳು, ಅರ್ಧ ವಾಕ್ಯ ಇಂಗ್ಲಿಷಿನಲ್ಲೇ ಹುಟ್ಟುತ್ತದೆ. ನಾನು ‘ಜಾರಿಶಾಸ್ತ್ರ’ದ ಮೊದಲ ವರ್ಷದ ವಿದ್ಯಾರ್ಥಿನಿ. ಸರ್ಕಾರ ಕಾಗದದ ಮೇಲೆ ಮಾಡಿದ ಒಳ್ಳೆಯದು ಊರು ಮುಟ್ಟುವ ಮೊದಲು ಎಲ್ಲಿ ಬಿದ್ದು ಸತ್ತಿತೆಂದು ಹುಡುಕುವ ವಿದ್ಯೆ ಇದು. ಶುರುಮಾಡಿದವರು ನೀವಂತೆ. ಕಂಗ್ರಾಟ್ಸ್.

ನಮ್ಮಲ್ಲಿ ಊರಿಂದೂರಿಗೆ ತಂತಿಗೆ ಜೋತುಬಿದ್ದು ಸಾಗುವ ‘ತೂಗುಬಂಡಿ’ ಇದೆ. ಬಿಸಿಲಿನಿಂದಲೇ ಓಡುವುದರಿಂದ ಸಂಜೆ ನಿಲ್ಲುತ್ತದೆ. ನಮ್ಮ ಮೆಸ್ಸಿನಲ್ಲಿ ಅಡುಗೆ ಮಾಡುವ ಹುಲಿಗೆಮ್ಮನಿಗೆ ಸಕ್ಕರೆ ಕಾಯಿಲೆ, ಎಡಪಾದದಲ್ಲಿ ಹುಣ್ಣು. ದಿನಾ ತೊಳೆಸಿ ಪಟ್ಟಿ ಕಟ್ಟಿಸಬೇಕು. ಒಂಬತ್ತು ಕಿಲೋಮೀಟರ್ ಆಚೆಯ ಚಿಕಿತ್ಸಾಲಯ ತೆರೆಯುವುದು ಸಂಜೆ ಆರಕ್ಕೆ. ದುಡಿಯುವವರಿಗೆ ಅದೇ ಅನುಕೂಲವೆಂದು ನೀವು ಬರೆದಿದ್ದಿರಿ. ಇನ್ನೂರು ವರ್ಷ ಯಾರೂ ಅದನ್ನು ಮುಟ್ಟಿಲ್ಲ.

ಜನ ಯಾಕೆ ಬರುತ್ತಿಲ್ಲವೆಂದು ತಿಳಿಯಲು ಈಗ ಸರ್ಕಾರಿ ಅನುದಾನದಲ್ಲಿ ನಾಲ್ಕು ವರ್ಷದ ಸಂಶೋಧನೆ. ಪ್ರಶ್ನಾವಳಿ ನಿಮ್ಮದೇ, ಲಿಟ್ರಲಿ ಒಂದಕ್ಷರ ಬದಲಾಗಿಲ್ಲ: ಅಜ್ಞಾನ, ಭಯ, ಮೂಢನಂಬಿಕೆ, ಮನೆಯವರ ವಿರೋಧ, ಇತರೆ. ಮೊನ್ನೆ ಫಾರ್ಮ್ ಹಿಡಿದು ಹುಲಿಗೆಮ್ಮನ ಮುಂದೆ ಕೂತೆ.

“ಕಡೀ ಬಂಡಿ ಅಲ್ಲಿಂದ ಐದೂವರಿಗೆ ಬಿಡತೈತಿ. ನಿಮ್ ಡಾಕ್ಟರು ಆರಕ್ಕ ಬಾಗಲಾ ತಗೀತಾನ. ಹೆಂಗ ಹೊಳ್ಳಿ ಬರ್ಲವಾ, ಕುಂಟಕೋಂತ? ಇದನ್ನ ತಿಳಕೊಳ್ಳಾಕ ನಾಕ್ ವರ್ಷ ಓದಬೇಕೇನ ನೀ?” ಎಂದಳು.

ನಮ್ಮ ಗೈಡ್ ನಾಡಗೌಡ ಸರ್ ಫಾರ್ಮ್ ನೋಡಿ, “ಬಂಡಿ ಅನ್ನೋ ಆಪ್ಶನ್ ಇಲ್ಲಮ್ಮ. ಇತರೆಗೆ ಹಾಕು” ಎಂದರು. ಹಾಕಿದೆ. ಇಂಟರ್ನಲ್ ಮಾರ್ಕ್ಸ್ ಅವರ ಕೈಯಲ್ಲಿದೆ, ನನಗೆ ಭಯ.

ಆಮೇಲೆ ಇಡೀ ಬ್ಯಾಚಿನ ಫಾರ್ಮ್‌ಗಳನ್ನು ನೋಡಿದೆ. ನೂರಕ್ಕೆ ತೊಂಬತ್ತು ‘ಇತರೆ’. ಅದಕ್ಕೆ ಕೋಡ್ ಇಲ್ಲ. ಕೋಡ್ ಇಲ್ಲದ್ದನ್ನು ಯಂತ್ರ ಓದುವುದಿಲ್ಲ. ನಿಮ್ಮ ಫಾರ್ಮ್‌ಗಳ ಕಟ್ಟೂ ಲೈಬ್ರರಿಯಲ್ಲಿದೆ. ಅಲ್ಲೂ ನೂರಕ್ಕೆ ತೊಂಬತ್ತು ‘ಇತರೆ’ಯೇ; ಆ ಖಾನೆಯಲ್ಲಿ ಪುಟದ ಮೇಲೆ ಪುಟ ‘ಬಸ್ಸಿಲ್ಲ’, ‘ಬಸ್ಸಿಲ್ಲ’. ನೀವೋ, ಉಳಿದ ಹತ್ತು ಜನರನ್ನೇ ಹಿಂಡಿ ‘ಜನರಲ್ಲಿ ಅರಿವಿನ ಕೊರತೆಯಿದೆ’ ಎಂದು ಬರೆದು, ಗೋಡೆಗೆ ಪೋಸ್ಟರ್ ಅಂಟಿಸಿ, ಹೆಚ್ಚಿನ ಸಂಶೋಧನೆ ಬೇಕೆಂದು ಮುಗಿಸಿದ್ದೀರಿ. ಸೀರಿಯಸ್ಲಿ? ಕೊರತೆ ಯಾರಿಗೆ? ದಡ್ಡರಾಗಿದ್ದರೆ ಕ್ಷಮಿಸಬಹುದಿತ್ತು. ಓದಿದವರು, ಉತ್ತರವನ್ನು ಕೈಯಲ್ಲೇ ಹಿಡಿದುಕೊಂಡು ಹುಡುಕುತ್ತಿದ್ದಿರಿ.

ವರ್ಷಕ್ಕೊಮ್ಮೆ ನಮ್ಮ ತಪಾಸಣೆಗೆಂದು ಬರುವ ನರ್ಸ್ ನಿನ್ನೆ ಹಾಸ್ಟೆಲಿಗೆ ಬಂದಿದ್ದಳು; ಹೀಗೇ ಬಿಟ್ಟರೆ ಹತ್ತು ದಿನದಲ್ಲಿ ಪಾದವನ್ನೇ ತೆಗೆಯಬೇಕಾದೀತು ಎಂದಳು. ಹುಲಿಗೆಮ್ಮ ಕೇಳಿಸಿಕೊಂಡು, ಅನ್ನ ಬಸಿಯಲು ಎದ್ದು ಹೋದಳು.

ಒಂದೇ ಬೇಡಿಕೆ. ಮುಂದಿನ ಅನುದಾನಕ್ಕೆ ಅರ್ಜಿ ಬರೆಯುವ ಮುನ್ನ ಚಿಕಿತ್ಸಾಲಯದ ಆ ಬಾಗಿಲನ್ನು ಮಧ್ಯಾಹ್ನ ಮೂರಕ್ಕೆ ತೆರೆಸಿಬಿಡಿ. ಸಂಶೋಧನೆ ಆಮೇಲೆ ಮಾಡಿಕೊಳ್ಳಿ. ನೀವು ಮೂರಕ್ಕೆ ತೆರೆಸಿದರೆ ನಾವೂ ಇನ್ನೂರು ವರ್ಷ ಕಣ್ಣುಮುಚ್ಚಿ ಮೂರಕ್ಕೇ ತೆರೆಯುತ್ತೇವೆ. ನಿಮ್ಮನ್ನು ನಕಲು ಮಾಡುವುದು ಬಿಟ್ಟು ನಮಗೆ ಬೇರೇನೂ ಬರುವುದಿಲ್ಲ.

ಗೌರವ ಅಷ್ಟಕ್ಕಷ್ಟೇ ಉಳಿದಿರುವ,
ಸಂಪದಾ