ಜಾರುವ ದುರ್ಬೀನು

೯ ಅಕ್ಟೋಬರ್ ೧೯೫೫, ರವಿವಾರ

ಮಳೆಗಾಲ ಮುಗಿಯಿತು. ಇವತ್ತು ಶೂಟಿಂಗ್ ರೇಂಜ್ ತೆರೆದರು. ಸಾಯನ್‌ನಿಂದ ಬೆಳಗಿನ ಲೋಕಲ್. ರೈಫಲ್ ಪೆಟ್ಟಿಗೆ ತೊಡೆಯ ಮೇಲೆ. ಎದುರಿಗೆ ಕೂತವನ ಅದೇ ಪ್ರಶ್ನೆ — "ಕ್ಯಾ ಹೈ ಸಾಬ್, ಬಾಜಾ?" ಹೌದಪ್ಪ, ಬಾಜಾ. ಬಂದೂಕು ಅಂದರೆ ಮುಂದಿನ ಪ್ರಶ್ನೆ ಗೊತ್ತಿದೆ: ಏನು ಹೊಡೆಯುತ್ತೀರಿ, ಹುಲಿಯೋ ಹಂದಿಯೋ? ಲಿಂಗ ಕಟ್ಟಿದವನು ನಾನು. ಹೊಡೆಯುವುದು ಕಾಗದ. ಬಿಳಿ ಕಾಗದದ ಮೇಲಿನ ಕರಿ ಚುಕ್ಕೆ. ಈ ಮಾತು ಈ ಮುಂಬಯಿ ಶಹರದಲ್ಲಿ ಒಬ್ಬನ ತಲೆಗೂ ಹೋಗುವುದಿಲ್ಲ.

ಭಾಂಡುಪ್‌ನಲ್ಲಿ ಇಳಿದು ಗುಡ್ಡದ ಕೆಳಗಿನ ರೇಂಜ್‌ಗೆ. ನಾನು ಮಲಗಿ ಹೊಡೆಯುವ ಚಾಪೆ ಸಾಲಿನಲ್ಲಿ ಕೊನೆಯದು, ಬೇವಿನ ಮರದ ಪಕ್ಕ. ನನ್ನ ಹೆಂಡತಿ ದಾನವ್ವ ಕೂರುತ್ತಿದ್ದ ಕಲ್ಲು ಅಲ್ಲೇ ಇದೆ. ಅದರ ಮೇಲೆ ಯಾರದೋ ಥರ್ಮಾಸ್. ತೆಗೆದು ಕೆಳಗಿಟ್ಟೆ. ಜೋರಾಗಿಯೇ ಇಟ್ಟೆ.

ಹತ್ತು ಗುಂಡು. ಮೊದಲನೆಯದು ನಟ್ಟನಡುವೆ. ಆಮೇಲೆ… ಛೀ. ಇರುವೆ ಸಾಲಿನ ಹಾಗೆ ಒಂದರ ಹಿಂದೊಂದು ಮೇಲಕ್ಕೆ, ಎಡಕ್ಕೆ ಹತ್ತಿಕೊಂಡು ಹೋದವು. ನೂರಕ್ಕೆ ಎಪ್ಪತ್ತೊಂದು. ಜೂನ್‌ನಲ್ಲಿ ದಾನವ್ವ ತೀರಿಹೋದಳು. ಅದಕ್ಕೆ ಮುಂಚೆ ಕೊನೆಯ ಸಲ ಬಂದಾಗ ಇದೇ ಚಾಪೆ, ಇದೇ ರೈಫಲ್ — ತೊಂಬತ್ನಾಲ್ಕು.

ಬ್ಯಾಡ್ ಕಾರ್ಟ್ರಿಜ್. ಡೆಫಿನೆಟ್ಲಿ.

೧೬ ಅಕ್ಟೋಬರ್, ರವಿವಾರ

ಕಾರ್ಟ್ರಿಜ್ ಬದಲಿಸಿದೆ. ಅದೇ ಇರುವೆ ಸಾಲು.

ಅದರ ಮೇಲೆ ರಮಾನಾಥನ ನಗು. ಟೀಮಿನ ಕ್ಯಾಪ್ಟನ್ ಈತ. ಉಡುಪಿಯ ಕಡೆಯವನು, ಸ್ಟೇಷನ್ ಎದುರು ಹೋಟೆಲು. ಪಕ್ಕದ ಚಾಪೆ ಇವನದೇ, ನನ್ನ ಕರ್ಮ. ಇವನ ರೈಫಲ್ಲಿಗೆ ಹೊಸ ಪೀಪ್ ಸೈಟ್ — ನಡುವೆ ತೂತಿರುವ ಒಂದು ಬಿಲ್ಲೆ, ಆ ತೂತಿನೊಳಗಿಂದ ಇಣುಕಿ ಗುರಿ ಹಿಡಿಯುವುದು. ನನ್ನ ರೈಫಲ್ಲಿನ ಮೇಲಿನ ದುರ್ಬೀನು ನೋಡಿ ಎಲ್ಲರಿಗೂ ಕೇಳುವ ಹಾಗೆ ಅಂದ:

"ನೀಲಕಂಠಪ್ಪನವರೇ, ಇದು ನಮ್ಮ ಅಜ್ಜಯ್ಯನ ಕಾಲದ್ದು ಮಾರಾಯ್ರೆ. ಮ್ಯೂಸಿಯಮ್ಮಿಗೆ ಕೊಡಿ. ಟಿಕೆಟ್ಟು ಇಟ್ಟು ತೋರಿಸ್ತಾರೆ."

ನಕ್ಕರು. ಈ ದುರ್ಬೀನಿನ ಬೆಲೆ ಇವರಿಗೇನು ಗೊತ್ತು? ನಮ್ಮ ಮಿಲ್ಲಿನ ಬಿಳಿ ಸಾಹೇಬ ನಲವತ್ತೇಳರಲ್ಲಿ ಹಡಗು ಹತ್ತುವ ಮುನ್ನ ನನ್ನ ಕೈಗೇ ಕೊಟ್ಟದ್ದು. ಮೊಳದುದ್ದದ ತೆಳು ಕೊಳವೆ. ಬಿಗಿದು ಕೂರಿಸಿದ್ದಲ್ಲ. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಕೊಳವೆ ತನ್ನ ಹಿಡಿಕೆಗಳೊಳಗೆ ಕೊಂಚ ಮುಂದೆ ಜಾರುತ್ತದೆ. ಅದಕ್ಕೇ ಈವತ್ತಿಗೂ ಗಾಜು ಅಲುಗಿಲ್ಲ. ಇದು ನ್ಯೂಟನ್ ಹೇಳಿದ್ದು. ಎವ್ರಿ ಆ್ಯಕ್ಷನ್ ಹ್ಯಾಸ್ ಆ್ಯನ್ ಈಕ್ವಲ್ ಆ್ಯಂಡ್… ಮುಂದಿನದು ಮರೆತೆ. ಧಾರವಾಡದ ಕಾಲೇಜಿನ ಬೆಂಚಿನಲ್ಲೇ ಬಿಟ್ಟು ಬಂದೆ ಅಂತ ಕಾಣುತ್ತದೆ.

ಹೊರಡುವಾಗ ಅವನೇ ಹತ್ತಿರ ಬಂದ. ದನಿ ಇಳಿಸಿದ. "ನವೆಂಬರ್ ಆರಕ್ಕೆ ಟ್ರಯಲ್. ತೊಂಬತ್ತು ಬರದಿದ್ರೆ ಟೀಮಿನಲ್ಲಿಲ್ಲ. ಟೀಮಿನಲ್ಲಿಲ್ಲದವರಿಗೆ ಕಾಯಂ ಚಾಪೆಯೂ ಇಲ್ಲ. ಕಮಿಟಿ ರೂಲ್ ಅದು. ನನಗೂ ಅದೇ."

ಕೊನೆಯ ಚಾಪೆ. ಬೇವು. ಆ ಕಲ್ಲು. ಅಲ್ಲಿ ಇನ್ನೊಬ್ಬನ ಥರ್ಮಾಸ್!

ಓವರ್ ಮೈ ಡೆಡ್ ಬಾಡಿ, ಅಂದೆ. ಇಂಗ್ಲಿಷ್ ಸರಿಯಿತ್ತು ಅನಿಸುತ್ತದೆ. ಈ ಸಲ ಯಾರೂ ನಗಲಿಲ್ಲ.

ಖಂಡೇಪೂಜೆ, ಸಂಜೆ

ನಿಬ್ಬು ಕಾಗದ ಹರಿಯುತ್ತಿದೆ. ಆದರೂ ಬರೆಯುತ್ತೇನೆ.

ತಂಗಿ ರಾಚವ್ವ. ದಾನವ್ವ ಹೋದ ಮೇಲೆ ಮನೆ ನೋಡಿಕೊಳ್ಳಲು ಊರಿನಿಂದ ಬಂದವಳು. ನಾನು ಪೇಟೆಯಿಂದ ಬರುವಷ್ಟರಲ್ಲಿ ಈಳಿಗೆ, ಕತ್ತರಿ, ನನ್ನ ದಾಡಿಯ ಸಾಮಾನು, ಎಲ್ಲದರ ನಡುವೆ ರೈಫಲ್ ಮಲಗಿಸಿದ್ದಾಳೆ. ಗುಂಡು ಹಾರಿಸಲು ಒತ್ತುವ ಕುದುರೆಗೆ ಚೆಂಡುಹೂವು. ಸ್ಕ್ರೂಗಳಿಗೆ ಕುಂಕುಮ. ದುರ್ಬೀನಿನ ಗಾಜಿನ ಮೇಲೆ — ಶಿವನೇ — ಮೂರು ಬೆರಳು ವಿಭೂತಿ!

"ಯಾರ್ನ ಕೇಳಿ ಮುಟ್ಟಿದಿ?"

"ಯಾರ್ನ ಕೇಳ್ಬೇಕಣ್ಣಾ? ಖಂಡೇಪೂಜಿ ದಿನ ಚಾಕೂಗೂ ಪೂಜಿ ಮಾಡ್ತಾರ. ವೈನಿ ಮಾಡ್ತಿರ್ಲಿಲ್ಲೇನು?"

"ಅಕಿ ಬಂದೂಕಿನ ಕಟಗಿಗೆ ಹಚ್ಚತಿದ್ಲು! ಗಾಜಿಗೆ ಯಾವ ಹುಚ್ಚಿ ಹಚ್ಚತಾಳ?"

"ಅದಕ್ಕೂ ಅದು ಕಣ್ಣ ಅಲ್ಲೇನು? ನಿನ್ನ ಕಣ್ಣಿನ ಮ್ಯಾಲೆ ಹಚ್ಚಿಕೊಂಡಿ, ಅದರ ಕಣ್ಣಿಗೆ ಬ್ಯಾಡೇನು?"

ಊಟದ ತಟ್ಟೆ ತಳ್ಳಿದೆ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೋಳಿಗೆ ಹಾಗೇ ಇದೆ.

ಹಳೇ ಧೋತರದ ಚೂರಿನಿಂದ ಗಾಜು ಒರೆಸಿದೆ. ಗುರಿ ಹೊಂದಿಸುವ ಸ್ಕ್ರೂ ನೋಡಿದೆ. ಗುರಿ ಕೂಡಿಬಂದ ದಿನ ದಾನವ್ವ ಪಿನ್ನಿನಿಂದ ಒಂದು ಗೀರು ಹಾಕಿದ್ದಳು, ಯಾರಾದರೂ ತಿರುಗಿಸಿದರೆ ಗೊತ್ತಾಗಲಿ ಎಂದು. ಗೀರಿಗೆ ಗೀರು ಕೂಡಿಯೇ ಇದೆ. ಅಂದರೆ ತಿರುಗಿಸಿಲ್ಲ. ಗುಂಡು ತಪ್ಪಿದ ಆ ಎರಡು ರವಿವಾರ ರಾಚವ್ವ ಇದನ್ನು ಮುಟ್ಟಿರಲೂ ಇಲ್ಲ. ಇರಲಿ. ಆದರೂ ತಪ್ಪು ಅವಳದೇ.

೩೦ ಅಕ್ಟೋಬರ್, ರವಿವಾರ

ಅರವತ್ತೆಂಟು. ಮೊದಲ ಗುಂಡು ನಡುವಿಗೆ. ಉಳಿದವು ಮೆಟ್ಟಿಲು ಹತ್ತಿದವು. ಮೊದಲನೆಯದು ಬೀಳುವುದಾದರೆ ಎರಡನೆಯದಕ್ಕೇನು ರೋಗ?

ರಮಾನಾಥ ತನ್ನ ಹಳೆಯ ಪೀಪ್ ಸೈಟನ್ನು ಕರವಸ್ತ್ರದಲ್ಲಿ ಸುತ್ತಿ ತಂದ. "ಟ್ರಯಲ್ ಮುಗಿಯುವವರೆಗೆ ಇಟ್ಕೊಳ್ಳಿ." ಭಿಕ್ಷೆ! ಈ ವಯಸ್ಸಿಗೆ ತೂತಿನೊಳಗಿಂದ ನೋಡಿದರೆ ನಳಿಕೆಯ ತುದಿ ನನಗೆ ಎರಡಾಗಿ ಕಾಣುತ್ತದೆ. ಅದನ್ನು ಇವನಿಗೆ ಹೇಳಲೇ? ಕರವಸ್ತ್ರದ ಸಮೇತ ಹಿಂದಕ್ಕೆ ಕೊಟ್ಟೆ. ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ.

ಪೆಟ್ಟಿಗೆಯ ಮೇಲೂ ಸಿಟ್ಟು. ಕೊಳವೆ ಪೂರ್ತಿ ಹಿಂದಕ್ಕೆ ಬಾರದಿದ್ದರೆ ಮುಚ್ಚಳ ಕೂರುವುದಿಲ್ಲ. ಒತ್ತಿ, ಬೈದು, ಮುಚ್ಚಿದೆ.

ರಾಚವ್ವ ಇನ್ನೂ ಮಾತು ಬಿಟ್ಟೇ ಇದ್ದಾಳೆ. ಅನ್ನದ ತಟ್ಟೆ ಕುಕ್ಕುವುದೇ ಮಾತು.

೨ ನವೆಂಬರ್, ಬುಧವಾರ

ರಮಾನಾಥ ಮನೆಗೇ ಬಂದ. ಆಂಟಾಪ್ ಹಿಲ್ ವರೆಗೆ, ಕೈಯಲ್ಲಿ ಗೋಳಿಬಜೆಯ ಪೊಟ್ಟಣ. ರಾಚವ್ವ ಅವನ ಜೊತೆ ಚೆನ್ನಾಗಿ ಮಾತಾಡಿದಳು.

"ಒಂದು ಹೇಳ್ತೇನೆ. ಬೈಯಬೇಡಿ."

"ಬೈಯೂದು ಬಿಡೂದು ಕೇಳಿದ ಮ್ಯಾಲೆ."

"ನಾಲ್ಕು ವರ್ಷ ನಿಮ್ಮ ಪಕ್ಕದ ಚಾಪೆಯಲ್ಲಿ ಬಿದ್ದುಕೊಂಡವ ನಾನು. ನಿಮ್ಮ ಮನೆಯವರು ಆ ಕಲ್ಲಿನ ಮೇಲೆ ಕೂತು ಒಂದೊಂದು ಗುಂಡಿಗೂ ಹೇಳ್ತಿದ್ರು, 'ಜಗ್ಗರಿ' ಅಂತ. ಎಳೆಯಿರಿ ಅಂತ ಅರ್ಥ ಅಲ್ವಾ? ಅದು ಕೇಳಿ ಕೇಳಿ ನನ್ನ ಗುರಿ ತಪ್ಪುತ್ತಿತ್ತು ಮಾರಾಯ್ರೆ. ಕಂಪ್ಲೇಂಟ್ ಕೊಡುವ ಅಂತ ಕೂಡ ಇತ್ತು. ಈ ವರ್ಷ ಯಾರೂ ಹೇಳುವುದಿಲ್ಲ. ನೀವು ಎಳೆಯುವುದೂ ಇಲ್ಲ."

ಎದ್ದು ಹೋಗಿ ಪೆಟ್ಟಿಗೆ ತೆರೆದೆ.

ಕೊಳವೆ. ಜಾರಿದ ಕೊಳವೆಯನ್ನು ಪ್ರತಿ ಗುಂಡಿನ ಮೇಲೂ ಹಿಂದಕ್ಕೆ ಎಳೆಯಬೇಕು. ಎಳೆಯದಿದ್ದರೆ ಅದು ಹೋದಷ್ಟು ಕತ್ತು ಚಾಚಬೇಕು, ಕೆನ್ನೆ ರೈಫಲ್ಲಿನ ಕಟ್ಟಿಗೆಯ ಮೇಲಿನ ಜಾಗ ಬಿಡುತ್ತದೆ, ಗುಂಡು ಹತ್ತುತ್ತದೆ. ಇಷ್ಟು ವರ್ಷ ಈ ಕೈ ತಾನಾಗಿ ಎಳೆಯುತ್ತಿದೆ ಅಂದುಕೊಂಡಿದ್ದೆ. ತಾನಾಗಿ ಅಲ್ಲ. "ಗೊತ್ತೈತಿ, ಸುಮ್ಕಿರು" ಅನ್ನುತ್ತಿದ್ದೆ ಅವಳಿಗೆ. ಪ್ರತಿ ಸಲ ಅನ್ನುತ್ತಿದ್ದೆ. ಗೊತ್ತಿತ್ತಂತೆ!

ಆಪೋಸಿಟ್. ಈಕ್ವಲ್ ಆ್ಯಂಡ್ ಆಪೋಸಿಟ್ ರಿಯಾಕ್ಷನ್. ಈಗ ನೆನಪಾಯಿತು.

"ಗೊತ್ತಿದ್ದೂ ಇಷ್ಟು ರವಿವಾರ ಸುಮ್ನ ಕೂತ್ರೇನು?" ಅಂದೆ.

"ಅವರ ಮಾತು. ಹೊರಗಿನವ ನಾನು ಹೇಗೆ ಹೇಳುವುದು?"

ಈ ಉತ್ತರಕ್ಕೆ ಇನ್ನೂ ಸಿಟ್ಟು ಬಂತು. ಥ್ಯಾಂಕ್ಸ್ ಹೇಳಲಿಲ್ಲ. ಗೋಳಿಬಜೆ ತಿಂದೆ.

ಅವನು ಹೋದ ಮೇಲೆ ರಾಚವ್ವನಿಗೆ ಅಂದೆ, "ರವಿವಾರ ನನ್ನ ಕೂಡ ಬಾ. ಕಲ್ಲಿನ ಮ್ಯಾಲೆ ಕೂತು 'ಜಗ್ಗು' ಅಂದ್ರ ಸಾಕು."

"ಗಾಜಿಗೆ ವಿಭೂತಿ ಹಚ್ಚೂ ಹುಚ್ಚಿ ನಾ. ನನಗೇನ ತಿಳೀತೈತಿ? ನೀನ ಅನಕೋ."

ಅಂತೂ ಮಾತಾಡಿದಳು.

೬ ನವೆಂಬರ್, ರವಿವಾರ, ಮಧ್ಯಾಹ್ನ

ಟ್ರಯಲ್ ಮುಗಿಸಿ ಈಗ ಬಂದೆ. ಕೋಟು ಕೂಡ ಬಿಚ್ಚಿಲ್ಲ.

ಮೊದಲ ಗುಂಡು ನಡುವೆ. ಮನಸ್ಸಿನಲ್ಲೇ "ಜಗ್ಗು" ಅಂದೆ, ಎಳೆದೆ. ಮೂರನೆಯದಕ್ಕೆ ಮರೆತೆ. ಮುಂದಿನದು ಎಡಕ್ಕೆ ಹಾರಿತು. ಮನಸ್ಸಿನಲ್ಲಿ ಅಂದರೆ ಈ ಕೈಗೆ ಕೇಳಿಸುವುದಿಲ್ಲ. ಜೋರಾಗಿ ಅಂದೆ. "ಜಗ್ಗು" ಅಂದರೂ ಆಗದು, "ಜಗ್ಗರಿ" ಅನ್ನಬೇಕು. ನನಗೆ ನಾನೇ ಬಹುವಚನ! ಸಾಲಿಗೆ ಸಾಲೇ ತಿರುಗಿ ನೋಡಿತು. ನೋಡಲಿ. ಜಗ್ಗರಿ. ಜಗ್ಗರಿ. ಕೊಳವೆ ಬಂತು, ಕೆನ್ನೆ ತನ್ನ ಜಾಗದಲ್ಲಿ ನಿಂತಿತು.

ಹತ್ತನೆಯದು ಹಾರಿದ ಮೇಲೆ ಸುಮ್ಮನಾದೆ. ಪಕ್ಕದ ಚಾಪೆಯಿಂದ ಮೆಲ್ಲಗೆ:

"ಜಗ್ಗರಿ."

ರಮಾನಾಥ. ತನ್ನ ರೈಫಲ್ಲಿನಿಂದ ಕೆನ್ನೆ ಎತ್ತಿರಲಿಲ್ಲ.

"ಗುಂಡು ಮುಗಿದ್ವಲ್ರೀ. ಇನ್ನ್ಯಾಕ?"

"ಅವರು ಹತ್ತನೆಯದಕ್ಕೂ ಹೇಳ್ತಿದ್ರು. ಪೆಟ್ಟಿಗೆ ಮುಚ್ಚಬೇಕಲ್ಲ."

ಎಳೆದೆ. ಮುಚ್ಚಳ ತಾನಾಗಿ ಕೂತಿತು.

ತೊಂಬತ್ತೊಂದು. ಕೊನೆಯ ಚಾಪೆ ನನ್ನದೇ. ಕುಣಿಯಬೇಕಾಗಿತ್ತು. ಆಮೇಲೆ ಅವನ ಸ್ಕೋರು ಕೂಗಿದರು — ಎಂಬತ್ತೆಂಟು. "ನಿಮ್ಮ ಗಲಾಟೆಯಲ್ಲಿ ಯಾರಿಗೆ ಹೊಡೆಯಲಿಕ್ಕಾಗ್ತದೆ ಮಾರಾಯ್ರೆ" ಅಂತ ನಕ್ಕ. ಮೂರ್ಖ! ತನ್ನ ಗುರಿ ಬಿಟ್ಟು ನನ್ನ ಕೊಳವೆ ಕಾಯುತ್ತ ಮಲಗಿದ್ದ. ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಟೇಹೋದ.

ಆ ಜಾಗಕ್ಕೆ ಯಾರೋ ಹೊಸಬ ಬರುತ್ತಾನಂತೆ. ಅವನಿಗೇನು ಗೊತ್ತು, ಯಾರು ಎಲ್ಲಿ ಕೂರುತ್ತಿದ್ದರು, ಏನು ಹೇಳುತ್ತಿದ್ದರು. ಇಡೀ ಮುಂಬಯಿಯಲ್ಲಿ ಆ ದನಿ ಕೇಳಿದ ಕಿವಿ ಇನ್ನೊಂದು ಎಲ್ಲಿದೆ?

ಆಗದು. ರೂಲಂತೆ ರೂಲು. ಕಮಿಟಿಯವರು ಐದರವರೆಗೆ ಅಲ್ಲೇ ಇರುತ್ತಾರೆ. ಕೋಟು ಮೈಮೇಲೇ ಇದೆ. ಇಂಗ್ಲಿಷಿನಲ್ಲೇ ಹೇಳುತ್ತೇನೆ — ಜಂಟಲ್‌ಮೆನ್, ವಿತ್ ಡ್ಯೂ ರಿಸ್ಪೆಕ್ಟ್, ದಟ್ ಚಾಪೆ ಈಸ್ ರಮಾನಾಥ್ಸ್. ಉಳಿದ ಇಂಗ್ಲಿಷ್ ಲೋಕಲ್‌ನಲ್ಲಿ ಕೂಡಿಸಿಕೊಳ್ಳುತ್ತೇನೆ.