ಕರಿ ಇಲಿ ಕೊಟ್ಟ ಉತ್ತರ

೧೭ ಮೇ ೧೯೯೮, ರವಿವಾರ. ಗೋಕಾಕ.

ಇವತ್ತ ಅರ್ಚನಾಗ ಸುಳ್ಳು ಹೇಳಿದೆ.

ಸೂಟಿಗೆ ತನ್ನೂರು ನಾಗನೂರಿಗೆ ಬಂದಾಕಿ, ಅಲ್ಲಿಂದ ನನ್ನ ನೋಡಾಕಂತನ ಬಸ್ಸಿಗೆ ಬಂದಿದ್ಲು. ಪುಣೆದ ಲ್ಯಾಬಿನ್ಯಾಗ ಇಲಿ ಹಿಡಿಯೂದನ್ನ ಅಕಿಗೆ ಕಲಿಸಿದಾಕಿ ನಾನು. ನಾನು ಬಿಟ್ಟು ಬಂದ ಪ್ರಯೋಗಾನ ಅಕಿ ಮುಂದುವರಿಸಿದ್ಲು.

ಬಿಳಿ ಇಲಿಗೂ ಕರಿ ಇಲಿಗೂ ಒಂದ ವೈರಸ್ ಕೊಟ್ಟಿದ್ದೆ. ಬಿಳಿ ಇಲಿಯ ರಕ್ತದಾಗ ರೋಗದ ಜೋಡಿ ಹೋರಾಡೂ ಟಿ-ಕೋಶಗಳು ವೈರಸ್ಸಿನ ಒಂದು ತುಣುಕನ್ನ ಗುರುತು ಹಿಡದ್ವು, ಕರಿ ಇಲಿಯವು ಹಿಡೀಲಿಲ್ಲ. ಮೂರು ಸಲ ಮಾಡಿದೆ, ಮೂರೂ ಸಲ ಹಂಗ ಆತು. ಸೂಜಿ ಚುಚ್ಚೂವಾಗ ನನ್ನ ಕೈನ ತಪ್ಪೇತಿ ಅಂತ ಅತ್ತು, ಊರಿಗೆ ಬಂದ್ಬಿಟ್ಟೆ.

"ತ್ರಿಶಲಾ ಅಕ್ಕಾ, ನಿಮ್ಮ ಕೈ ತಪ್ಪಿರಲಿಲ್ರಿ," ಅಂದ್ಲು. "ಅದು ಜೀನಿನ ಫರಕು. ವೈರಸ್ಸಿನ ತುಣುಕು ಹಿಡದು ಟಿ-ಕೋಶಕ್ಕ ತೋರಸೂ ಪ್ರೋಟೀನು ಕರಿ ಇಲಿಯೊಳಗ ಬ್ಯಾರೆ ಐತಿ. ಆ ತುಣುಕು ಅದರಾಗ ಕೂಡೂದ ಇಲ್ಲ. ಪ್ರಯೋಗ ಬರದಿಟ್ಟ ನಿಮ್ಮ ಹಳೇ ವಹಿ ಕೊಡ್ರಿ, ಲೇಖನದಾಗ ನಿಮ್ಮ ಹೆಸರೂ ಬರತೈತಿ."

ನನ್ನ ಹೆಸರೂ. ಅಕಿ ಹೆಸರಿನ ಹಿಂದ.

"ರದ್ದಿಗೆ ಹಾಕೇನಿ," ಅಂದೆ.

ಅಕಿ ಚೂರೂ ಸಂಶಯ ಪಡಲಿಲ್ಲ. "ಹೋಗ್ಲಿ ಬಿಡ್ರಿ ಅಕ್ಕಾ, ನೀವ ಕಲಿಸಿದ್ದು ಅಂತ ಬರೀತೇನಿ," ಅಂದು ಚಾ ಕುಡದು ಹೋದ್ಲು. ಸಿಟ್ಟಾಗಿದ್ರ ಇಷ್ಟು ಹೊಟ್ಟಿ ಉರೀತಿರಲಿಲ್ಲ.

ಈಗ ವಹಿ ತಗದು ಕುಂತೇನಿ. ಕರಿ ಇಲಿಯ ಹಾಳಿ ಮ್ಯಾಲೆ ಕೆಂಪು ಮಸಿಲೆ "ನನ್ನ ತಪ್ಪು" ಅಂತ ಬರದೇನಿ. ಮೂರೂ ಸಲ ಯಾಕ ಹಂಗ ಆತು ಅಂತ ಅಲ್ಲೇ ಕೇಳಿಕೊಂಡಿದ್ರ ಸಾಕಿತ್ತು. ಅಕಿ ಕೇಳಿಕೊಂಡ್ಲು.

ಮುಂಜಾನೆ ನಾಗನೂರಿಗೆ ಹೋಗಿ ಕೊಟ್ಟು ಬರಬೇಕು. ಆದ್ರ ಅಕಿ ಮಾರಿ ಅರಳೂದನ್ನ ನೋಡಿಕೋತ ನಿಲ್ಲಾಕ ನನ್ನಿಂದ ಆಗತೈತೋ ಇಲ್ಲೋ ಗೊತ್ತಿಲ್ಲ.