ಯಾರೂ ಒತ್ತದ ಬಟನ್

ಮಾರ್ಚ್ ೩, ಸೋಮವಾರ. ಬೆಳಿಗ್ಗೆ.
ಮೋಡ. ಕಚೇರಿಗೆ ನಡೆದೇ ಹೋದೆ. ನಮ್ಮ ಬೀದಿಯ ಸಿಗ್ನಲ್‌ಗಳಲ್ಲಿ ನಮ್ಮ ಸಾಫ್ಟ್‌ವೇರ್ ಓಡಲು ಶುರುವಾಗಿ ಅರ್ಧ ವರ್ಷ. ಪ್ರತಿ ಕೂಡುರಸ್ತೆಗೂ ಒಂದು ಪೆಟ್ಟಿಗೆ. ಅಕ್ಕಪಕ್ಕದ ಪೆಟ್ಟಿಗೆಗಳೊಡನೆ ಮಾತಾಡಿಕೊಂಡು ದೀಪ ಬದಲಿಸುತ್ತದೆ. ಪೆಟ್ಟಿಗೆ ಕೊಡುವ ಉತ್ತರ ಸರಿಯಿದ್ದರೆ ಸಾಲದು, ಹೊತ್ತಿಗೆ ಸರಿಯಾಗಿ ಬರಬೇಕು. ಕೆಲಸ ಮೈಮೇಲೆ ಬಿದ್ದಾಗ ಮುಖ್ಯವಲ್ಲದ್ದನ್ನು ತಾನೇ ಮುಂದೂಡುತ್ತದೆ. ಯಾವುದು ಮುಖ್ಯ ಎಂಬುದನ್ನು ಬಳಕೆ ನೋಡಿ ಕಲಿಯುತ್ತದೆ. ಆ ಕಲಿಕೆಯ ಭಾಗ ನನ್ನ ವಿನ್ಯಾಸ.
ಹದಿನೇಳರಿಂದ ಇಡೀ ಊರಿಗೆ. ಹದಿನಾಲ್ಕರೊಳಗೆ ಒಪ್ಪಿಗೆಗೆ ನನ್ನ ಸಹಿ ಬೇಕು.

ಮಾರ್ಚ್ ೪. ಸಂಜೆ.
ಚಿಕ್ಕಮ್ಮನಿಗೆ ಹೊರದೇಶದ ಕಾದಂಬರಿಯೊಂದನ್ನು ಓದಿ ಹೇಳಿದೆ. ಅನುವಾದ ಚೆನ್ನಾಗಿದೆ, ಹೆಸರುಗಳಿಗೆ ಮಾತ್ರ ನಾಲಗೆ ಹೊರಳುವುದಿಲ್ಲ. ಚಿಕ್ಕಮ್ಮ ಎಲ್ಲರಿಗೂ ಅಡ್ಡಹೆಸರಿಟ್ಟಿದ್ದಾಳೆ — ಜಮೀನ್ದಾರ ಬೂಟಪ್ಪ, ಅವನ ಹೆಂಡತಿ ನಿಟ್ಟುಸಿರಮ್ಮ.
ಸೊಂಟದ ಆಪರೇಷನ್ ಆದಮೇಲೆ ಅವಳು ರಸ್ತೆಯಾಚೆಯ ಫಿಸಿಯೋಥೆರಪಿಗೆ ಹೋಗಬೇಕು. ಇವತ್ತೂ ಹೋಗಿಲ್ಲ. ಕಾಲುನೋವಂತೆ. ಏಳುವಾಗ ಗೋಡೆ ಹಿಡಿದಳು. ಹೋದ ತಿಂಗಳು ಹಿಡಿಯುತ್ತಿರಲಿಲ್ಲ.

ಮಾರ್ಚ್ ೬. ಸಂಜೆ.
ಫಿಸಿಯೋಥೆರಪಿಯವರ ಫೋನ್. ವಾರಗಟ್ಟಲೆ ಬಂದಿಲ್ಲ, ಹೀಗೇ ಬಿಟ್ಟರೆ ಕಾಲು ಬಿಗಿದುಕೊಳ್ಳುತ್ತದೆ, ಆಮೇಲೆ ನಡಿಗೆ ವಾಪಸು ಬರುವುದು ಕಷ್ಟ ಎಂದರು. ಚಿಕ್ಕಮ್ಮನನ್ನು ಕೇಳಿದೆ. ಮಾತು ಹಾರಿಸಿದಳು. ಆಮೇಲೆ —
"ರಸ್ತೆ ದಾಟೋಕಾಗಲ್ಲ ಕಣೇ. ಸಿಗ್ನಲ್ ಕಂಬದ ಬಟನ್ ಒತ್ತಿ ಒತ್ತಿ ನಿಂತ್ಕೋತಿದ್ದೆ. ಹಸಿರು ಬರೋದೇ ಇಲ್ಲ. ನಿನ್ನ ಕೆಲಸ ಅಲ್ವಾ, ಅದಕ್ಕೇ ಹೇಳಲಿಲ್ಲ."
ಈಗ ಅಲ್ಲಿ ಯಾರೂ ಒತ್ತುವುದಿಲ್ಲವಂತೆ. ಕಾಲು ಗಟ್ಟಿಯಿದ್ದವರು ಓಡುತ್ತಾರೆ. ಉಳಿದವರು ಬರುವುದಿಲ್ಲ.

ಮಾರ್ಚ್ ೭.
ನಾನೇ ಹೋಗಿ ಒತ್ತಿದೆ. ನಿಂತೆ. ಬರಲಿಲ್ಲ.
ಲ್ಯಾಬಿನಲ್ಲಿ ಅದೇ ಮಾದರಿಯ ಪೆಟ್ಟಿಗೆ — ಒತ್ತಿದರೆ ಹಸಿರು. ಪಕ್ಕದ ಸೀಟಿನವನು, ಎಂದೂ ತಡಮಾಡದ್ದಕ್ಕೆ ನಾವು ಗಡಿಯಾರ ಎನ್ನುವವನು, ರಸ್ತೆಯ ಬಟನ್ನೇ ಕೆಟ್ಟಿರಬೇಕು ಎಂದ. ಕೆಟ್ಟಿಲ್ಲ. ದಾಖಲೆ ತೆಗೆದು ನೋಡಿದೆ: ನಾನು ಒತ್ತಿದ್ದು ಪೆಟ್ಟಿಗೆಗೆ ತಲುಪಿದೆ. ಅದು ಮುಂದೂಡಿದೆ. ಮತ್ತೆ ಮುಂದೂಡಿದೆ.
ಮಧ್ಯಾಹ್ನ ಹೊಳೆಯಿತು. ಲ್ಯಾಬಿನಲ್ಲಿ ಪ್ರತಿ ಪರೀಕ್ಷೆಗೆ ಮುಂಚೆ ಕಲಿತದ್ದನ್ನೆಲ್ಲ ಒರೆಸುತ್ತೇವೆ. ಶುದ್ಧ ಪರೀಕ್ಷೆ ಎಂದರೆ ಹಾಗೇ ಎಂದುಕೊಂಡಿದ್ದೆವು. ರಸ್ತೆಯಲ್ಲಿ ಒರೆಸುವವರಿಲ್ಲ. ದಟ್ಟಣೆಯಲ್ಲಿ ಪಾದಚಾರಿಯ ಸರದಿ ತಡವಾಗುತ್ತದೆ. ಜನ ಬೇಸತ್ತು ಒತ್ತುವುದು ಬಿಡುತ್ತಾರೆ. ಇಲ್ಲಿ ನಡೆಯುವವರೇ ಇಲ್ಲವೆಂದು ಪೆಟ್ಟಿಗೆ ಕಲಿಯುತ್ತದೆ. ಇನ್ನಷ್ಟು ತಡಮಾಡುತ್ತದೆ.

ಮಾರ್ಚ್ ೧೨.
ಬೀದಿಯ ಎಲ್ಲ ಪೆಟ್ಟಿಗೆಗಳ ಕಲಿಕೆಯನ್ನು ಲ್ಯಾಬಿಗೆ ತಂದು ನೋಡಿದೆ. ಎಲ್ಲೆಡೆ ಇದೇ ಕಥೆ. ದಾರಿಯಿದೆ: ಪಾದಚಾರಿ ಎಷ್ಟು ಹೊತ್ತು ಕಾಯಬಹುದು ಎಂಬುದಕ್ಕೆ ಕಲಿಕೆ ಮುಟ್ಟಲಾಗದ ಒಂದು ಮಿತಿ. ಆದರೆ ಅದನ್ನು ಸೇರಿಸಿದರೆ ಎಲ್ಲ ಪೆಟ್ಟಿಗೆಗಳ ಹೊತ್ತಿನ ಲೆಕ್ಕ ಮೊದಲಿನಿಂದ ತಾಳೆ ನೋಡಬೇಕು. ಮುಗಿಯುವಾಗ ಮೇ ತಿಂಗಳಾಗುತ್ತದೆ.
ಮುಖ್ಯಸ್ಥರು ಸಮಾಧಾನವಾಗಿ ಕೇಳಿಸಿಕೊಂಡರು. ಶುರುಮಾಡೋಣ, ಆಮೇಲೆ ತಿದ್ದೋಣ ಎಂದರು.
"ಇಷ್ಟು ದಿನದಲ್ಲಿ ಒಂದೇ ಒಂದು ದೂರು ಬಂದಿಲ್ಲವಲ್ಲಮ್ಮ."
"ಪೆಟ್ಟಿಗೆನೂ ಹಾಗೇ ಅಂದ್ಕೊಂಡಿದೆ, ಸರ್."
ಜೊತೆಗಿದ್ದ ಗಡಿಯಾರ ನಕ್ಕ. ಮುಖ್ಯಸ್ಥರು ನಗಲಿಲ್ಲ. ಸಹಿ ಆಗದಿದ್ದರೆ ಇದನ್ನು ಬೇರೆಯವರಿಗೆ ಕೊಡಬೇಕಾದೀತು ಎಂದರು — ಊಟವಾಯಿತೇ ಎಂದು ಕೇಳುವಷ್ಟೇ ಮೆತ್ತಗೆ.

ಮಾರ್ಚ್ ೧೩, ಗುರುವಾರ. ಸಂಜೆ.
ಬೇಗ ಬಂದು ಚಿಕ್ಕಮ್ಮನ ತೋಳು ಹಿಡಿದು ರಸ್ತೆ ದಾಟಿಸಿದೆ. ಕೈಯೆತ್ತಿ ವಾಹನ ನಿಲ್ಲಿಸಬೇಕಾಯಿತು. ನಡುರಸ್ತೆಯಲ್ಲಿ ಅವಳ ಕಾಲು ನಿಂತೇಬಿಟ್ಟಿತು. ಲಾರಿಯವನು ಬೈದ. ಅವಳು ಸಾವಕಾಶವಾಗಿ ತಿರುಗಿ, "ಇರಪ್ಪಾ, ಕಾಲು ನನ್ನ ಮಾತು ಕೇಳಿದ ತಕ್ಷಣ ಹೊರಡ್ತೀನಿ" ಎಂದಳು. ಆಚೆ ಬದಿ ಸೇರುವವರೆಗೂ ನನ್ನ ಕೈ ಮಾತ್ರ ಬಿಡಲಿಲ್ಲ.
ಇನ್ನೂ ಕಾಲ ಮಿಂಚಿಲ್ಲ ಎಂದರು ಫಿಸಿಯೋಥೆರಪಿಯವರು. ದಿನಾ ಬರಬೇಕು.
ನಾಳೆ ಸಹಿ ಹಾಕುವುದಿಲ್ಲ. ಮುಖ್ಯಸ್ಥರ ಕೋಣೆಗೆ ಹೋಗಿ, ಎದುರು ಕೂತು ಹೇಳುವುದು. ನಮ್ಮ ಬೀದಿಯನ್ನು ಹಳೆಯ ಕ್ರಮಕ್ಕೆ ಮರಳಿಸಿ ಎಂದೂ ಕೇಳುವುದು. ಬೇರೆಯವರಿಗೆ ಕೊಟ್ಟರೆ ಕೊಡಲಿ. ಅವರು ಗಡುವಿನ ಮಾತೆತ್ತುತ್ತಾರೆ. ಎತ್ತಿದರೆ, ನಮ್ಮ ಬೀದಿಗೆ ಬಂದು ಒಮ್ಮೆ ಬಟನ್ ಒತ್ತಿ ಕಾಯಿರಿ ಎನ್ನುವುದು.